ಹಳೆಯ ಕಾರಿನ ಸರ್ವಿಸ್‌ನಲ್ಲಿ ಎಂಜಿನ್ ಫ್ಲಶ್ ಮಾಡಿಸುವುದು ಅಗತ್ಯವೇ?

ಪ್ರಶ್ನೆ: ತೀರ್ಥಹಳ್ಳಿ ತೋಟಿಗ

ಎಲ್ಲರಿಗೂ ನಮಸ್ಕಾರ. 2015ನೇ ಮಾದರಿಯ ಸ್ವಿಫ್ಟ್ ಡಿಜೈರ್ ಡೀಸೆಲ್ ಕಾರೊಂದನ್ನು ಈಚೆಗೆ ಸಾಗರದ ಕಡೆಯವರೊಬ್ಬರಿಂದ ಕೊಂಡುಕೊಂಡಿದ್ದೇನೆ. ಕೆಎ-15 ನೋಂದಣಿಯ, ಒಬ್ಬರೇ ಮಾಲೀಕರಿದ್ದ ಗಾಡಿ; ಮೀಟರಿನಲ್ಲಿ 92,000 ಕಿಲೋಮೀಟರ್ ಇದೆ. 2019ರವರೆಗಿನ ಸರ್ವಿಸ್ ದಾಖಲೆಗಳು ಕಂಪನಿಯ ಕಂಪ್ಯೂಟರಿನಲ್ಲಿ ಸಿಕ್ಕವು. ಅಲ್ಲಿಂದೀಚೆಗೆ ‘ಊರಿನ ಗ್ಯಾರೇಜಿನಲ್ಲೇ ಆಯಿಲ್ ಬದಲಿಸುತ್ತಿದ್ದೆವು’ ಎಂಬ ಮಾತನ್ನು ಬಿಟ್ಟರೆ ಒಂದು ಚೀಟಿಯೂ ಇಲ್ಲ.

ಮೊದಲ ಸರ್ವಿಸ್‌ಗೆಂದು ಶಿವಮೊಗ್ಗದ ಒಂದು ಸರ್ವಿಸ್ ಕೇಂದ್ರಕ್ಕೆ ಒಯ್ದಿದ್ದೆ. ಅಲ್ಲಿನ ಸಲಹೆಗಾರರು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು, ಬೆರಳಿಗೆ ಹತ್ತಿದ ಆಯಿಲನ್ನು ತೋರಿಸಿ, ‘ಪೂರ್ತಿ ಕಪ್ಪಾಗಿದೆ ಸರ್, ಒಳಗೆ ಕೊಳೆ ಕೂತಿರುತ್ತದೆ, ಹಳೆಯ ಗಾಡಿಗೆ ಫ್ಲಶ್ ಮಾಡಿಸಲೇಬೇಕು’ ಎಂದರು. ಅಂದಾಜು ಪಟ್ಟಿಯಲ್ಲಿ ಆಯಿಲ್ ಮತ್ತು ಫಿಲ್ಟರುಗಳ ಕೆಳಗೆ ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನರ್, ಎ.ಸಿ. ಸ್ವಚ್ಛತೆ ಎಂದು ಮೂರು ಸಾಲುಗಳನ್ನು ಸೇರಿಸಿಯೂ ಆಗಿತ್ತು. ಫ್ಲಶ್ ಒಂದಕ್ಕೇ 750 ರೂಪಾಯಿ. ದುಡ್ಡಿಗಿಂತ ಹೆಚ್ಚಾಗಿ, ಕಾರಿನ ಹೊಟ್ಟೆಯೊಳಗೆ ಏನು ನಡೆಯುತ್ತದೆಂದು ತಿಳಿಯದೆ ಒಪ್ಪಿಕೊಳ್ಳಲು ಮನಸ್ಸಾಗದೆ, ಯೋಚಿಸಿ ಬರುತ್ತೇನೆಂದು ಹೇಳಿ ವಾಪಸು ಬಂದೆ.

ಊರಿನಲ್ಲಿ ವಿಚಾರಿಸಿದರೆ ಅಭಿಪ್ರಾಯಗಳು ಒಂದಕ್ಕೊಂದು ತದ್ವಿರುದ್ಧವಾಗಿವೆ. ಹಳೆಯ ಮಹೀಂದ್ರಾ ಜೀಪುಗಳಲ್ಲೇ ಕೈ ಪಳಗಿಸಿಕೊಂಡ ಪಕ್ಕದೂರಿನ ಮೆಕ್ಯಾನಿಕ್ ಒಬ್ಬರು, ಆ ಡಬ್ಬಿಯ ಔಷಧಿಯೆಲ್ಲ ಯಾಕೆ, ಆಯಿಲ್ ಇಳಿಸಿ ಚೇಂಬರಿಗೆ (ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ) ಎರಡು ಲೀಟರ್ ಡೀಸೆಲ್ ಹೊಯ್ದು ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಿ ಇಳಿಸಿದರೆ ಸಾಕು ಎನ್ನುತ್ತಾರೆ. ನಮ್ಮ ಭಾವನವರು, ತಮ್ಮ ಸ್ನೇಹಿತರ ಗಾಡಿ ಫ್ಲಶ್ ಮಾಡಿಸಿದ ಕೆಲವೇ ದಿನಗಳಲ್ಲಿ ಎಂಜಿನ್ ಒಳಗೆ ಬಿಗಿದುಕೊಂಡು ಸೀಜ್ ಆಯಿತೆಂದೂ ಅದರ ಹೆಸರೆತ್ತಬಾರದೆಂದೂ ಹೇಳುತ್ತಾರೆ.

ಬಳಕೆಯ ಬಗ್ಗೆ ಹೇಳುವುದಾದರೆ, ಮನೆಯಿಂದ ತೀರ್ಥಹಳ್ಳಿ ಪೇಟೆಗೆ ಏಳು ಕಿಲೋಮೀಟರ್. ಹೆಚ್ಚಿನ ಓಡಾಟ ಅಷ್ಟೇ. ಆಗೊಮ್ಮೆ ಈಗೊಮ್ಮೆ ಶಿವಮೊಗ್ಗ, ಆಸ್ಪತ್ರೆಯ ಕೆಲಸವಿದ್ದಾಗ ಆಗುಂಬೆ ಘಾಟಿಯಿಳಿದು ಮಣಿಪಾಲ. ಹೊಗೆಯಿಲ್ಲ, ಪಿಕಪ್ ಚೆನ್ನಾಗಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದೆರಡು ಕ್ಷಣ ಟಿಕ್ ಟಿಕ್ ಎಂಬ ಸದ್ದು ಬಂದು ನಿಲ್ಲುತ್ತದೆ. ಇಂಥ ಗಾಡಿಗೆ ಫ್ಲಶ್ ಮಾಡಿಸುವುದರಿಂದ ನಿಜವಾಗಿ ಪ್ರಯೋಜನವಿದೆಯೇ? ಬೇಡವೆಂದಾದರೆ, ಒಳಗೆ ಕೊಳೆ ಇರುವುದೋ ಇಲ್ಲವೋ ಎಂದು ತಿಳಿಯುವ ಬಗೆ ಯಾವುದು? ಅನುಭವಸ್ಥರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ಸಾಗರ ರಸ್ತೆ ಗ್ಯಾರೇಜ್

ತೋಟಿಗರೇ, ಆಯಿಲ್ ಕಪ್ಪಾಗಿದೆ ಎಂಬ ಒಂದೇ ಕಾರಣಕ್ಕೆ ಡೀಸೆಲ್ ಗಾಡಿಗೆ ಫ್ಲಶ್ ಮಾಡಿಸಬೇಕಾಗಿಲ್ಲ. ಡೀಸೆಲ್ ಉರಿದಾಗ ಹುಟ್ಟುವ ಮಸಿಯ ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳ ಪಕ್ಕದಿಂದ ಜಾರಿ ಚೇಂಬರಿಗೆ ಇಳಿಯುತ್ತದೆ. ಅದನ್ನು ಒಂದೆಡೆ ಗುಡ್ಡೆಯಾಗಲು ಬಿಡದೆ ತನ್ನೊಳಗೆ ತೇಲಿಸಿಕೊಂಡಿರುವುದು ಆಯಿಲಿನ ಕೆಲಸವೇ ಆಗಿದೆ. ಈ ಹೊತ್ತು ಹೊಸ ಆಯಿಲ್ ಹಾಕಿಸಿಕೊಂಡು ಸಾಗರಕ್ಕೊಮ್ಮೆ ಹೋಗಿ ಬನ್ನಿ, ಅದೂ ಕಪ್ಪಾಗಿರುತ್ತದೆ. ಆದ್ದರಿಂದ ಡಿಪ್‌ಸ್ಟಿಕ್ಕಿನ ಬಣ್ಣ ತೋರಿಸಿ ಫ್ಲಶ್ ಮಾರುವವರಿಗೆ ಅದು ಗೊತ್ತಿಲ್ಲವೋ, ಗೊತ್ತಿದ್ದೂ ಹೇಳುವುದಿಲ್ಲವೋ ನೀವೇ ತೀರ್ಮಾನಿಸಿ.

ಫ್ಲಶ್ ಎಂದರೆ ಏನೆಂದು ಮೊದಲು ನೋಡೋಣ. ಡಬ್ಬಿಯಲ್ಲಿರುವುದು ಹೆಚ್ಚಾಗಿ ಸೀಮೆಎಣ್ಣೆಯ ಜಾತಿಯ ತೆಳು ದ್ರಾವಕ ಮತ್ತು ಕೊಳೆ ಬಿಡಿಸುವ ರಾಸಾಯನಿಕಗಳು. ಇಳಿಸಬೇಕಾದ ಹಳೆಯ ಆಯಿಲಿಗೆ ಅದನ್ನು ಸುರಿದು, ಹತ್ತು ಹದಿನೈದು ನಿಮಿಷ ಗಾಡಿಯನ್ನು ನಿಂತಲ್ಲೇ ಐಡಲಿಂಗ್‌ನಲ್ಲಿ ಓಡಿಸಿ, ಬಿಸಿಯಿರುವಾಗಲೇ ಎಲ್ಲವನ್ನೂ ಇಳಿಸುತ್ತಾರೆ. ಅಷ್ಟು ಹೊತ್ತಿನಲ್ಲಿ ಲೋಹದ ಮೇಲೆ ಕೂತ ತೆಳುವಾದ ಜಿಡ್ಡಿನ ಪದರ ಸ್ವಲ್ಪ ಮೆತ್ತಗಾಗಿ ಬಿಡಬಹುದು. ವರ್ಷಗಟ್ಟಲೆ ಗಟ್ಟಿಯಾದ ಕಿಟ್ಟವನ್ನು ಅದು ಪೂರ್ತಿ ಕರಗಿಸಲಾರದು. ಆದರೆ ಅದರ ಬುಡವನ್ನು ಸಡಿಲಿಸಿ ಚೂರುಗಳಾಗಿ ಎಬ್ಬಿಸಬಲ್ಲದು. ತೊಂದರೆಯ ಮೂಲ ಇರುವುದು ಇಲ್ಲಿ.

ಚೇಂಬರಿನ ತಳದಲ್ಲಿ ಆಯಿಲ್ ಪಂಪಿನ ಕೊಳವೆಯ ಬಾಯಿಗೆ ಒಂದು ಜಾಲರಿ ಇರುತ್ತದೆ. ನಾವು ಅದನ್ನು ಸ್ಟ್ರೈನರ್ ಎನ್ನುತ್ತೇವೆ. ಆಯಿಲ್ ಫಿಲ್ಟರ್ ಇರುವುದು ಪಂಪಿನ ಆಚೆಗೆ; ಸ್ಟ್ರೈನರ್ ಇರುವುದು ಈಚೆಗೆ. ಎದ್ದ ಕಿಟ್ಟ ಕೆಳಗೆ ಬಂದು ಮೊದಲು ಮೆತ್ತಿಕೊಳ್ಳುವುದು ಈ ಜಾಲರಿಗೆ, ಫಿಲ್ಟರಿಗಲ್ಲ. ಡ್ರೈನ್ ನಟ್ಟು ಬಿಚ್ಚಿದಾಗ ಕಪ್ಪು ನೀರಿನಂತೆ ಇಳಿಯುವುದನ್ನು ನೋಡಿ ಎಲ್ಲ ಹೋಯಿತೆಂದು ಭಾವಿಸುತ್ತೇವೆ, ಜಾಲರಿಗೆ ಅಂಟಿದ್ದು ಮಾತ್ರ ಅಲ್ಲೇ ಉಳಿದಿರುತ್ತದೆ. ಆಮೇಲೆ ಹೊಸ ಆಯಿಲ್ ಹಾಕಿದರೂ ಪಂಪಿಗೆ ಸಾಕಷ್ಟು ಸಿಗುವುದಿಲ್ಲ. ಟರ್ಬೊ, ಕ್ರ್ಯಾಂಕಿನ ಬೇರಿಂಗುಗಳು, ಮೇಲಿನ ಕ್ಯಾಮ್ ಶಾಫ್ಟುಗಳು, ಎಲ್ಲಕ್ಕೂ ಅಭಾವ. ನಿಮ್ಮ ಭಾವನವರ ಸ್ನೇಹಿತರ ಗಾಡಿಗೆ ಏನಾಯಿತೆಂದು ನೋಡದೆ ಹೇಳಲಾರೆ. ಆದರೆ ಫ್ಲಶ್ ಆದ ಮೇಲೆ ಸೀಜ್ ಆಗಿ ನಮ್ಮಲ್ಲಿಗೆ ಎಳೆದು ತಂದ ಎಂಜಿನ್ನುಗಳ ಚೇಂಬರ್ ಇಳಿಸಿದಾಗ ಕಂಡದ್ದು ಇದೇ: ಜಾಲರಿಯ ಕಣ್ಣುಗಳೇ ಕಾಣದಂತೆ ಕಪ್ಪು ಮೇಣ ಮೆತ್ತಿರುತ್ತದೆ, ಬೆರಳಿನಿಂದ ಒತ್ತಿದರೆ ಒಳಗಿನಿಂದ ಗರಟದ ಪುಡಿಯಂತಹ ಗಟ್ಟಿ ಚೂರುಗಳು ಸಿಗುತ್ತವೆ.

ಹೀಗಾಗಿ ಲೆಕ್ಕ ವಿಚಿತ್ರವಾಗಿದೆ. ಕಾಲಕಾಲಕ್ಕೆ ಆಯಿಲ್ ಬದಲಿಸಿದ ಎಂಜಿನ್ನಿಗೆ ಫ್ಲಶ್‌ನಿಂದ ಹೆಚ್ಚೇನೂ ಸಿಗುವುದಿಲ್ಲ. ಅಸಡ್ಡೆಗೆ ಸಿಕ್ಕಿ ಒಳಗೆ ಕಿಟ್ಟ ತುಂಬಿರುವ ಎಂಜಿನ್ನಿಗೆ ಅದು ಅಪಾಯ. ಮಧ್ಯದಲ್ಲಿರುವ ಕೆಲವು ಗಾಡಿಗಳಿಗೆ ಮಾತ್ರ ಸ್ವಲ್ಪ ಉಪಯೋಗವಾಗಬಹುದು. ನಿಮ್ಮ ಗಾಡಿ ಈ ಮೂರರಲ್ಲಿ ಯಾವುದೆಂದು ಮೊದಲು ತಿಳಿಯಬೇಕು.

ಅದಕ್ಕೆ ಮಾಡಬೇಕಾದದ್ದು ಇಷ್ಟು. ಎಂಜಿನ್ ತಣ್ಣಗಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದು, ಒಳಗೆ ಟಾರ್ಚ್ ಬಿಟ್ಟು ನೋಡಿ. ಲೋಹದ ಬಣ್ಣ ತಿಳಿಕಂದಾಗಿ ಹೊಳೆಯುತ್ತಿದ್ದರೆ ಚಿಂತೆಯಿಲ್ಲ. ಬೆರಳಿನಿಂದ ಕೆರೆದರೆ ಕಪ್ಪು ಮುದ್ದೆ ಬರುವಂತಿದ್ದರೆ ಚಿಂತಿಸಬೇಕು. ಪೆಟ್ರೋಲ್ ಸ್ವಿಫ್ಟ್ ಆಗಿದ್ದರೆ ಟ್ಯಾಪೆಟ್ ಕವರ್ (ಎಂಜಿನ್ನಿನ ಮೇಲ್ಮುಚ್ಚಳ) ಬಿಚ್ಚಿಸಿ ನೋಡಿ ಎನ್ನುತ್ತಿದ್ದೆ. ನಿಮ್ಮ 1.3 ಲೀಟರ್ ಡಿಡಿಐಎಸ್ ಎಂಜಿನ್ ಮೂಲತಃ ಫಿಯಟ್ ಕಂಪನಿಯ ಮಲ್ಟಿಜೆಟ್; ಅದರಲ್ಲಿ ಕ್ಯಾಮ್ ಶಾಫ್ಟುಗಳು ಕೂರುವ ಭಾಗವೇ ಮೇಲ್ಮುಚ್ಚಳವೂ ಆಗಿರುವುದರಿಂದ ಬಿಚ್ಚುವುದು ಅಷ್ಟು ಸಲೀಸಲ್ಲ. ಅದರ ಬದಲು ಮುಚ್ಚಳದ ತೂತಿನಿಂದ ಫೋನಿಗೆ ಜೋಡಿಸುವ ಸಣ್ಣ ಕ್ಯಾಮೆರಾ ಇಳಿಸಿ ನೋಡಬಹುದು. ಇನ್ನೂ ಒಳ್ಳೆಯ ಸಾಕ್ಷಿ ಹಳೆಯ ಫಿಲ್ಟರ್. ಈ ಎಂಜಿನ್ನಿನಲ್ಲಿ ಗೂಡು ಹಾಗೇ ಉಳಿದು ಒಳಗಿನ ಕಾಗದದ ಫಿಲ್ಟರ್ ಮಾತ್ರ ಬದಲಾಗುತ್ತದೆ. ಅದನ್ನು ಎಸೆಯಲು ಬಿಡದೆ ಕೈಗೆ ತೆಗೆದುಕೊಂಡು ಮಡಿಕೆಗಳನ್ನು ಬಿಡಿಸಿ ನೋಡಿ. ಬರೀ ಕಪ್ಪು ಆಯಿಲ್ ಇದ್ದರೆ ಸಹಜ. ಮಡಿಕೆಗಳ ನಡುವೆ ಹರಳು ಹರಳಾದ ಕಿಟ್ಟವೋ ಹೊಳೆಯುವ ಲೋಹದ ಪುಡಿಯೋ ಇದ್ದರೆ ಚೇಂಬರ್ ಇಳಿಸಲೇಬೇಕು.

ಚೇಂಬರ್ ಇಳಿಸಿ, ಸ್ಟ್ರೈನರ್ ತೊಳೆದು, ಹೊಸ ಸೀಲೆಂಟ್ ಹಚ್ಚಿ ಕೂರಿಸುವುದು ಅರ್ಧ ದಿನದ ಕೆಲಸ. ಫ್ಲಶ್‌ಗಿಂತ ಖರ್ಚು ಜಾಸ್ತಿ, ನಿಜ. ಆದರೆ ಕೊಳೆ ಹೊರಗೆ ಬಂದದ್ದು ಕಣ್ಣಿಗೆ ಕಾಣುತ್ತದೆ.

ಇನ್ನು ಚೇಂಬರಿಗೆ ಡೀಸೆಲ್ ಹೊಯ್ಯುವ ವಿಚಾರ. ಹಳೆಯ ಜೀಪುಗಳ ಕಾಲದಲ್ಲಿ ಇದು ನಡೆಯುತ್ತಿತ್ತು ಎಂಬುದು ಸುಳ್ಳಲ್ಲ. ಆ ಎಂಜಿನ್ನುಗಳಿಗೆ ಟರ್ಬೊ ಇರಲಿಲ್ಲ, ಟೈಮಿಂಗ್ ಚೈನನ್ನು ಆಯಿಲ್ ಒತ್ತಡದಿಂದ ಬಿಗಿಹಿಡಿಯುವ ಟೆನ್ಷನರ್ ಇರಲಿಲ್ಲ. ನಿಮ್ಮ ಎಂಜಿನ್ನಿನಲ್ಲಿ ಎರಡೂ ಇವೆ, ಚೇಂಬರ್ ಹಿಡಿಯುವ ಆಯಿಲ್ ಸುಮಾರು ಮೂರು ಲೀಟರ್ ಮಾತ್ರ. ತೆಳುವಾದ ಡೀಸೆಲ್ ಟರ್ಬೊದ ಬೇರಿಂಗನ್ನು ಕಾಯುವುದಿಲ್ಲ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿದೆ: ಬಿಸಿಯಾದ ಚೇಂಬರಿನಿಂದ ಏಳುವ ಡೀಸೆಲ್ ಆವಿ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪಿನ ಮೂಲಕ ಗಾಳಿಯ ದಾರಿಗೆ ಸೇರಿದರೆ ಎಂಜಿನ್ ತನ್ನಷ್ಟಕ್ಕೆ ತಾನೇ ರೇಸ್ ಆಗತೊಡಗುತ್ತದೆ, ಕೀ ತಿರುಗಿಸಿದರೂ ನಿಲ್ಲುವುದಿಲ್ಲ. ದಯವಿಟ್ಟು ಆ ಪ್ರಯೋಗಕ್ಕೆ ಕೈಹಾಕಬೇಡಿ.

ಬೆಳಗಿನ ಟಿಕ್ ಟಿಕ್ ಸದ್ದು ಒಂದೆರಡು ಕ್ಷಣದಲ್ಲಿ ನಿಲ್ಲುವುದಾದರೆ ಗಾಬರಿಯಿಲ್ಲ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಆಯಿಲ್ ಕೆಳಗಿಳಿದಿರುತ್ತದೆ, ಮತ್ತೆ ಮೇಲೇರಿ ಒತ್ತಡ ಕೂರಲು ಅಷ್ಟು ಹೊತ್ತು ಬೇಕು. ಸದ್ದು ದಿನದಿಂದ ದಿನಕ್ಕೆ ಉದ್ದವಾದರೆ ಚೈನ್ ಕಿಟ್ ನೋಡಿಸಿ. ಆಯಿಲ್ ಬದಲಾವಣೆ ತಪ್ಪಿಸಿದ ಮಲ್ಟಿಜೆಟ್ ಎಂಜಿನ್ನುಗಳಲ್ಲಿ ಚೈನ್ ಸಡಿಲವಾಗುವುದು ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತಿರುವ ಕಾಯಿಲೆ.

ಉತ್ತರ: ಹೊಸನಗರ ಟ್ಯಾಕ್ಸಿ

ಗ್ಯಾರೇಜಿನವರ ಮಾತಿಗೆ ಗೌರವವಿದೆ, ಆದರೆ ಫ್ಲಶ್ ಎಂದರೆ ಎಂಜಿನ್ನಿಗೆ ಕುತ್ತು ಎಂಬ ಭಾವನೆ ಓದುಗರಲ್ಲಿ ಉಳಿಯಬಾರದೆಂದು ಬರೆಯುತ್ತಿದ್ದೇನೆ. ನಮ್ಮದು ಕೊಲ್ಲೂರು, ಸಿಗಂದೂರು, ಜೋಗ ಎಂದು ಪ್ರವಾಸಿಗರನ್ನು ಕರೆದೊಯ್ಯುವ ಗಾಡಿಗಳ ವ್ಯವಹಾರ. ಹೊಸದಾಗಿ ಕೊಂಡ ದಿನದಿಂದ ನಮ್ಮ ಕೈಯಲ್ಲೇ ಇರುವ ಗಾಡಿಗಳಿಗೆ ಮೂರು ನಾಲ್ಕು ಸರ್ವಿಸ್‌ಗೊಮ್ಮೆ ಒಳ್ಳೆಯ ಕಂಪನಿಯ ಫ್ಲಶ್ ಹಾಕಿಸುತ್ತೇವೆ. ಇವುಗಳಲ್ಲಿ ಎರಡು ಗಾಡಿಗಳು ಎರಡು ಲಕ್ಷ ಕಿಲೋಮೀಟರ್ ದಾಟಿವೆ, ಎಂಜಿನ್ ಬಿಚ್ಚಿಸಿದ್ದಿಲ್ಲ.

ಇದರಲ್ಲಿ ಫ್ಲಶ್‌ನ ಪಾಲು ಎಷ್ಟು, ಸರಿಯಾದ ಸಮಯಕ್ಕೆ ಆಯಿಲ್ ಬದಲಿಸಿದ್ದರ ಪಾಲು ಎಷ್ಟು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆದರೆ ಕೆಡುಕಾಗಲಿಲ್ಲ ಎಂಬುದಂತೂ ಖಂಡಿತ. ಮಾಡಿಸುವುದಿದ್ದರೆ ಎದುರಿಗೆ ನಿಂತು ಮಾಡಿಸಬೇಕು. ಸುರಿಯುವ ಮೊದಲು ಡಿಪ್‌ಸ್ಟಿಕ್ ನೋಡಿ. ಆಯಿಲ್ ಮೇಲಿನ ಗೆರೆಯಲ್ಲೇ ಇದ್ದರೆ ಡಬ್ಬಿಯಲ್ಲಿರುವಷ್ಟನ್ನು ಮೊದಲು ಇಳಿಸಿಕೊಳ್ಳಬೇಕು, ಇಲ್ಲವಾದರೆ ಮಟ್ಟ ಮಿತಿಮೀರುತ್ತದೆ. ಐಡಲಿಂಗ್‌ನಲ್ಲಿರುವಾಗ ರೇಸ್ ಕೊಡಬಾರದು, ಗಾಡಿಯನ್ನು ಕದಲಿಸಬಾರದು. ಡಬ್ಬಿಯ ಮೇಲೆ ಬರೆದ ಸಮಯ ಮುಗಿದ ಕೂಡಲೇ ಆಫ್ ಮಾಡಿ, ಡ್ರೈನ್ ನಟ್ಟು ಬಿಚ್ಚಿ, ಹನಿ ನಿಲ್ಲುವವರೆಗೆ ಕಾಯಬೇಕು. ಸರ್ವಿಸ್ ಕೇಂದ್ರದ ಹುಡುಗರಿಗೆ ಮುಂದಿನ ಗಾಡಿಯ ಆತುರವಿರುತ್ತದೆ; ಧಾರೆ ತೆಳುವಾಗುತ್ತಿದ್ದಂತೆ ನಟ್ಟು ಬಿಗಿದುಬಿಡುತ್ತಾರೆ. ಆಗ ಉಳಿದ ದ್ರಾವಕ ಹೊಸ ಆಯಿಲಿನಲ್ಲಿ ಬೆರೆತು ಅದನ್ನು ತೆಳುಗೊಳಿಸುತ್ತದೆ.

ಚರಿತ್ರೆ ಗೊತ್ತಿಲ್ಲದ ಹಳೆಯ ಗಾಡಿಗೆ ಮಾತ್ರ ನಾನೂ ಮೊದಲ ಸರ್ವಿಸ್‌ನಲ್ಲೇ ಹಾಕಿಸುವುದಿಲ್ಲ. ಅಷ್ಟರ ಮಟ್ಟಿಗೆ ಅವರ ಮಾತು ಸರಿ.

ಉತ್ತರ: ಗೋಪಾಳದ ಮೇಷ್ಟ್ರು

ಪಾಲಿಟೆಕ್ನಿಕ್ ಒಂದರಲ್ಲಿ ಆಟೊಮೊಬೈಲ್ ವಿಭಾಗದಲ್ಲಿ ಪಾಠ ಹೇಳುವವನಾದ್ದರಿಂದ, ಇಬ್ಬರೂ ಪ್ರಸ್ತಾಪಿಸದ ಒಂದು ಸಂಗತಿಯನ್ನು ಸೇರಿಸಲು ಇಚ್ಛಿಸುತ್ತೇನೆ. ತೋಟಿಗರ ಗಾಡಿಯ ನಿಜವಾದ ಸಮಸ್ಯೆ ಹಳೆಯ ಕೊಳೆಗಿಂತ ಹೆಚ್ಚಾಗಿ ಆ ಏಳು ಕಿಲೋಮೀಟರ್ ಓಡಾಟ ಎಂದು ನನಗೆ ತೋರುತ್ತದೆ.

ಒಂದು ಲೀಟರ್ ಇಂಧನ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಅದರಲ್ಲಿ ಬಹುಪಾಲು ಸೈಲೆನ್ಸರಿನಿಂದ ಹೊರಹೋಗುತ್ತದೆ. ಅಲ್ಪಸ್ವಲ್ಪ ರಿಂಗುಗಳನ್ನು ದಾಟಿ ಚೇಂಬರಿಗೆ ಬರುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗಿ ಬಹಳ ಹೊತ್ತು ಓಡಿದರೆ ಈ ತೇವ ಮತ್ತೆ ಆವಿಯಾಗಿ ಬ್ರೀದರ್ ಮೂಲಕ ಹೊರಟುಹೋಗುತ್ತದೆ. ಆದರೆ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಬಿಸಿಯಾದಷ್ಟು ಬೇಗ ಆಯಿಲ್ ಬಿಸಿಯಾಗುವುದಿಲ್ಲ, ಡೀಸೆಲ್ ಎಂಜಿನ್ನುಗಳಂತೂ ಇನ್ನೂ ನಿಧಾನ. ಡ್ಯಾಶ್‌ಬೋರ್ಡಿನ ಮುಳ್ಳು ಮಧ್ಯಕ್ಕೆ ಬಂದಿದ್ದರೂ ಚೇಂಬರಿನೊಳಗಿನ ಆಯಿಲ್ ಇನ್ನೂ ಉಗುರುಬೆಚ್ಚಗಿರುತ್ತದೆ, ಅಷ್ಟರಲ್ಲಿ ಪೇಟೆ ಬಂದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ ಆಗುಂಬೆಯ ಹವೆ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ತೇವ, ಮಸಿ, ಅರೆಬೆಂದ ಇಂಧನ ಮೂರೂ ಆಯಿಲಿನ ಜೊತೆ ಸೇರಿ ಆಮ್ಲಗಳಾಗುತ್ತವೆ. ಆಯಿಲಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಆಧಾರಿತ ಶುಚಿಕಾರಕಗಳು ಆ ಆಮ್ಲವನ್ನು ತಣಿಸುತ್ತಾ ತಾವೂ ಖರ್ಚಾಗುತ್ತವೆ. ಅವು ಮುಗಿದ ಮೇಲೆ ಕಿಟ್ಟ ಕಟ್ಟಲು ಶುರುವಾಗುತ್ತದೆ.

ಮಳೆಗಾಲದಲ್ಲಿ ಆಯಿಲ್ ಮುಚ್ಚಳದ ಒಳಬದಿಯಲ್ಲಿ ಬೆಣ್ಣೆಯ ಬಣ್ಣದ ನೊರೆ ಕಾಣಿಸಿಕೊಳ್ಳುವುದು ಈ ತೇವದಿಂದಲೇ. ಅದನ್ನು ಕಂಡು ಹೆಡ್ ಗ್ಯಾಸ್ಕೆಟ್ (ಕೂಲೆಂಟ್ ಆಯಿಲಿಗೆ ಸೇರದಂತೆ ತಡೆಯುವ ಸೀಲು) ಹೋಗಿದೆ ಎಂದು ಹೆದರಿಸುವವರಿದ್ದಾರೆ. ಕೂಲೆಂಟ್ ಕಡಿಮೆಯಾಗದೆ, ಡಿಪ್‌ಸ್ಟಿಕ್ಕಿನಲ್ಲಿ ನೊರೆಯಿಲ್ಲದೆ, ಮುಚ್ಚಳದಲ್ಲಿ ಮಾತ್ರ ಕಂಡರೆ ಒರೆಸಿ, ಶಿವಮೊಗ್ಗದವರೆಗೆ ಒಮ್ಮೆ ನಿಲ್ಲಿಸದೆ ಓಡಿಸಿಕೊಂಡು ಬನ್ನಿ. ಮತ್ತೆ ಕಾಣದಿದ್ದರೆ ಆ ವಿಚಾರ ಅಲ್ಲಿಗೆ ಬಿಡಬಹುದು.

ಇದರಿಂದ ತಿಳಿಯುವುದೇನೆಂದರೆ, ಒಂದು ಸಲ ಫ್ಲಶ್ ಮಾಡಿಸಿ ಮತ್ತೆ ಹತ್ತು ಸಾವಿರ ಕಿಲೋಮೀಟರ್ ಅದೇ ಆಯಿಲಿನಲ್ಲಿ ಪೇಟೆ ಮನೆ ತಿರುಗಿದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಹೆಚ್ಚಿನ ಕೈಪಿಡಿಗಳು ಕಠಿಣ ಬಳಕೆಯ ಗಾಡಿಗಳಿಗೆ ಬೇರೆ ವೇಳಾಪಟ್ಟಿಯನ್ನೇ ಕೊಟ್ಟಿರುತ್ತವೆ. ಪದೇ ಪದೇ ಕಡಿಮೆ ದೂರ ಓಡಿಸುವುದು ಅವುಗಳ ಪ್ರಕಾರ ಕಠಿಣ ಬಳಕೆಯೇ. ನಾವು ಮಾತ್ರ ಘಾಟಿ ಹತ್ತಿದರೆ ಕಠಿಣ, ಪೇಟೆಗೆ ಹೋಗಿಬರುವುದು ಹಗುರ ಎಂದುಕೊಂಡಿರುತ್ತೇವೆ. ಎಂಜಿನ್ ಆಯಿಲಿನ ದೃಷ್ಟಿಯಲ್ಲಿ ತಿಂಗಳಿಗೊಮ್ಮೆ ಮಣಿಪಾಲಕ್ಕೆ ಹೋಗುವುದೇ ಆರೋಗ್ಯಕರ.

ಕಿಟ್ಟದ ವಿಚಾರದಲ್ಲಿ ದೊಡ್ಡ ಕಂಪನಿಗಳಿಗೂ ಪೆಟ್ಟು ಬಿದ್ದಿದೆ. 1997ರಿಂದ 2002ರ ನಡುವೆ ತಯಾರಾದ ಟೊಯೋಟಾ ಕಂಪನಿಯ ಎರಡು ಬಗೆಯ ಪೆಟ್ರೋಲ್ ಎಂಜಿನ್ನುಗಳಲ್ಲಿ ಕಿಟ್ಟ ಕಟ್ಟುವ ದೂರುಗಳು ಅಮೆರಿಕದಲ್ಲಿ ಎಷ್ಟು ಬಂದವೆಂದರೆ, ಸುಮಾರು 33 ಲಕ್ಷ ವಾಹನಗಳಿಗೆ ಕಂಪನಿ ವಿಶೇಷ ಖಾತರಿಯನ್ನು ಘೋಷಿಸಬೇಕಾಯಿತು. ಆಗ ಕೊಟ್ಟ ಪರಿಹಾರ ಕೆಟ್ಟ ಎಂಜಿನ್ನಿನ ದುರಸ್ತಿ ಅಥವಾ ಬದಲಾವಣೆಯೇ ಹೊರತು ಒಂದು ಡಬ್ಬಿ ಫ್ಲಶ್ ಆಗಿರಲಿಲ್ಲ. ಜನರಲ್ ಮೋಟರ್ಸ್ ಕಂಪನಿಯ ಕೈಪಿಡಿಗಳಲ್ಲಂತೂ ಎಂಜಿನ್ ಫ್ಲಶ್ ಬೇಡವೆಂದೂ, ಅದರಿಂದಾದ ಹಾನಿ ವಾರಂಟಿಗೆ ಒಳಪಡುವುದಿಲ್ಲವೆಂದೂ ಸ್ಪಷ್ಟವಾಗಿ ಬರೆದಿರುತ್ತದೆ.

ನನ್ನ ಸಲಹೆ ಇಷ್ಟೇ: ಕೈಪಿಡಿಯಲ್ಲಿ ಹೇಳಿದ ದರ್ಜೆಯ ಉತ್ತಮ ಸಿಂಥೆಟಿಕ್ ಆಯಿಲ್ ಮತ್ತು ಹೊಸ ಫಿಲ್ಟರ್ ಹಾಕಿಸಿ. ಎರಡು ಸಾವಿರ ಕಿಲೋಮೀಟರ್ ಓಡಿದ ಮೇಲೆ ಎರಡನ್ನೂ ಮತ್ತೆ ಬದಲಿಸಿ. ಆ ಮೇಲೆ ಐದು ಸಾವಿರ ಕಿಲೋಮೀಟರ್ ಅಥವಾ ಆರು ತಿಂಗಳು, ಯಾವುದು ಮೊದಲೋ ಅದಕ್ಕೆ. ಹೊಸ ಆಯಿಲಿನಲ್ಲಿರುವ ಶುಚಿಕಾರಕಗಳು ಹಳೆಯ ಜಿಡ್ಡನ್ನು ನಿಧಾನವಾಗಿ ಬಿಡಿಸುತ್ತವೆ. ನಿಧಾನವೇ ಇಲ್ಲಿ ಬೇಕಾದ ಗುಣ, ಏಕೆಂದರೆ ಬಿಟ್ಟದ್ದನ್ನು ಫಿಲ್ಟರ್ ಹಿಡಿದಿಟ್ಟುಕೊಳ್ಳಲು ಸಮಯ ಸಿಗುತ್ತದೆ.

ಪ್ರಶ್ನೆ: ಕೊಪ್ಪ ಕಾಫಿ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನಲ್ಲಿರುವುದು ಫೋರ್ಡ್ ಇಕೋಸ್ಪೋರ್ಟ್, ಒಂದು ಲೀಟರಿನ ಇಕೋಬೂಸ್ಟ್ ಪೆಟ್ರೋಲ್. ಇದಕ್ಕೂ ಇದೇ ಮಾತು ಅನ್ವಯಿಸುತ್ತದೆಯೇ?

ಉತ್ತರ: ಸಾಗರ ರಸ್ತೆ ಗ್ಯಾರೇಜ್

ಕೊಪ್ಪದವರೇ, ನಿಮ್ಮ ಗಾಡಿಗೆ ಫ್ಲಶ್ ಬೇಡವೇ ಬೇಡ. ಆ ಎಂಜಿನ್ನಿನ ಟೈಮಿಂಗ್ ಬೆಲ್ಟ್ ಆಯಿಲಿನಲ್ಲಿ ನೆನೆದುಕೊಂಡೇ ತಿರುಗುವಂಥದ್ದು. ದ್ರಾವಕ ತಾಗಿ ಬೆಲ್ಟಿನ ರಬ್ಬರ್ ಉದುರಿದರೆ ಅದೇ ಪುಡಿ ಹೋಗಿ ಸ್ಟ್ರೈನರಿಗೆ ಮೆತ್ತುತ್ತದೆ. ಫೋರ್ಡ್ ಸೂಚಿಸಿದ ಆಯಿಲನ್ನೇ ಹಾಕಿಸಿ, ಬೆಲ್ಟಿನ ವಯಸ್ಸು ನೋಡಿಸಿ.

ತೀರ್ಥಹಳ್ಳಿ ತೋಟಿಗ

ಎಲ್ಲರಿಗೂ ಅನಂತ ಧನ್ಯವಾದಗಳು. ಹೇಳಿದಂತೆ ಬೆಳಿಗ್ಗೆ ಮುಚ್ಚಳ ತೆಗೆದು ಟಾರ್ಚ್ ಹಾಕಿ ನೋಡಿದೆ. ಮುಚ್ಚಳದ ಅಂಚಿನಲ್ಲಿ ಉಗುರಿನಷ್ಟು ಜಾಗದಲ್ಲಿ ಕೆನೆಯಂತಹ ನೊರೆ ಇತ್ತು; ಡಿಪ್‌ಸ್ಟಿಕ್ಕಿನಲ್ಲಿ ಇಲ್ಲ, ಕೂಲೆಂಟ್ ಮಟ್ಟವೂ ಸರಿಯಾಗಿದೆ. ಒಳಗೆ ಕಾಣುವಷ್ಟು ಲೋಹ ಕಾಫಿ ಕಷಾಯದ ಬಣ್ಣಕ್ಕಿದೆ. ಕಡ್ಡಿಯ ತುದಿಗೆ ಬಟ್ಟೆ ಸುತ್ತಿ ಒರೆಸಿದರೆ ಕಪ್ಪು ಜಿಡ್ಡು ಬಂತು, ಆದರೆ ಮುದ್ದೆಯಾಗಿಲ್ಲ. ಇದು ಗ್ಯಾರೇಜಿನವರು ಹೇಳಿದ ಮಧ್ಯದ ಬಗೆಯೇ?

ಇನ್ನೊಂದು ಸಣ್ಣ ವಿಚಾರ. ಎರಡು ಸಾವಿರ ಕಿಲೋಮೀಟರಿಗೆ ಇಳಿಸುವ ಆಯಿಲನ್ನು ಬೇಲಿಯ ಗೂಟಗಳಿಗೆ ಒರಲೆ ಹತ್ತದಂತೆ ಬಳಿಯಬಹುದೆಂದು ಮನೆಯಲ್ಲಿ ಹೇಳುತ್ತಿದ್ದಾರೆ. ನಮ್ಮ ಕಡೆ ಎಲ್ಲರೂ ಮಾಡುವುದೇ ಅದು.

ಉತ್ತರ: ಸಾಗರ ರಸ್ತೆ ಗ್ಯಾರೇಜ್

ನೀವು ಹೇಳಿದ ಲಕ್ಷಣ ನೋಡಿದರೆ ಗಾಡಿ ಕೆಟ್ಟ ಕೈಯಲ್ಲಿ ಇದ್ದಂತಿಲ್ಲ. ಕಷಾಯದ ಬಣ್ಣ ಈ ವಯಸ್ಸಿಗೆ ಸಹಜ. ಆದರೂ ಮುಚ್ಚಳದಿಂದ ಕಾಣುವುದು ಎಂಜಿನ್ನಿನ ಒಂದು ಮೂಲೆ ಮಾತ್ರ, ಕಿಟ್ಟ ತಳದಲ್ಲಿ ಕೂತಿದ್ದರೆ ಅಲ್ಲಿಂದ ಕಾಣದು. ಆದ್ದರಿಂದ ಈಗ ಫ್ಲಶ್ ಬಿಟ್ಟು, ಮೇಷ್ಟ್ರು ಹೇಳಿದಂತೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಎರಡನೆಯ ಸಲ ಫಿಲ್ಟರ್ ಹೊರಬಂದಾಗ ಮಡಿಕೆಗಳಲ್ಲಿ ಕಿಟ್ಟ ಸಿಕ್ಕರೆ ಚೇಂಬರ್ ಇಳಿಸೋಣ. ಸಿಗದಿದ್ದರೆ ಮುಂದೆ ಹೊಸನಗರದವರ ಕ್ರಮದಲ್ಲಿ ಫ್ಲಶ್ ಹಾಕಿಸುವುದೂ ಬಿಡುವುದೂ ನಿಮ್ಮ ಇಷ್ಟ.

ಈ ನಡುವೆ ಒಂದನ್ನು ಗಮನಿಸುತ್ತಿರಿ. ಮಣಿಪಾಲದಿಂದ ಬರುವಾಗ ಸೋಮೇಶ್ವರದಿಂದ ಘಾಟಿ ಹತ್ತಿದ ಮೇಲೆ ಆಗುಂಬೆಯಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡದೆ ಡ್ಯಾಶ್‌ಬೋರ್ಡ್ ನೋಡಿ. ಆಯಿಲ್ ಚೆನ್ನಾಗಿ ಕಾದು ತೆಳುವಾಗಿರುವ, ಪಂಪ್ ನಿಧಾನಕ್ಕೆ ತಿರುಗುತ್ತಿರುವ ಹೊತ್ತು ಅದು. ಸ್ಟ್ರೈನರ್ ಕಟ್ಟುತ್ತಿದ್ದರೆ ಕೆಂಪು ಆಯಿಲ್ ದೀಪ ಮಿಣುಕುವುದು ಆಗಲೇ. ಆ ದೀಪ ಆಯಿಲಿನ ಒತ್ತಡ ತೋರಿಸುತ್ತದೆ, ಮಟ್ಟವನ್ನಲ್ಲ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ತುಂಬಿದ್ದರೂ ಅದು ಉರಿಯಬಹುದು. ಮಿಣುಕಿದರೆ ಅಲ್ಲೇ ಆಫ್ ಮಾಡಿ ಟೋಯಿಂಗ್‌ಗೆ ಫೋನ್ ಮಾಡಿ, ಮನೆಯವರೆಗಾದರೂ ಹೋಗಿಬಿಡೋಣ ಎಂದು ಓಡಿಸಬೇಡಿ.

ಗೂಟಕ್ಕೆ ಬಳಿಯುವ ವಿಚಾರದಲ್ಲಿ ನಿಮ್ಮ ಮನೆಯವರಿಗೆ ಬೇಸರವಾಗದಿರಲಿ. ಬಳಸಿದ ಆಯಿಲ್ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಮಲೆನಾಡಿನ ಮಳೆಗೆ ಗೂಟದ ಮೇಲಿನದು ತೊಳೆದುಹೋಗಿ ಬಸಿಗಾಲುವೆಯ ಮೂಲಕ ತುಂಗೆಗೆ ಸೇರುತ್ತದೆ. ಅದರಲ್ಲಿ ಬೇರಿಂಗು ಸವೆದ ಲೋಹದ ಅಂಶವೂ ಇರುತ್ತದೆ. ಗ್ಯಾರೇಜುಗಳಲ್ಲಿ ಡ್ರಮ್ಮಿಗೆ ತುಂಬಿಸಿ ಮರುಶುದ್ಧೀಕರಣಕ್ಕೆ ಒಯ್ಯುವವರಿಗೆ ಕೊಡುತ್ತೇವೆ, ಅಲ್ಲೇ ಬಿಟ್ಟುಬನ್ನಿ.

ಸರ್ವಿಸ್ ಕೇಂದ್ರಕ್ಕೆ ಮತ್ತೆ ಹೋದಾಗ ಜಾಬ್ ಕಾರ್ಡಿನಲ್ಲಿ ‘ಎಂಜಿನ್ ಫ್ಲಶ್ ಬೇಡ, ಹಳೆಯ ಫಿಲ್ಟರನ್ನು ಮಾಲೀಕರಿಗೆ ತೋರಿಸಬೇಕು’ ಎಂದು ಬರೆಸಿ ಸಹಿ ಹಾಕಿ. ಬಾಯಿಮಾತಿನಲ್ಲಿ ಹೇಳಿದ್ದು ಒಳಗಿರುವ ಹುಡುಗರನ್ನು ತಲುಪುವುದಿಲ್ಲ. ಆಯಿಲಿನ ಡಬ್ಬಿ ನಿಮ್ಮೆದುರೇ ತೆರೆಯಲಿ, ಕಿಲೋಮೀಟರ್ ಮತ್ತು ದಿನಾಂಕವನ್ನು ಚೀಟಿಯಲ್ಲಿ ಬರೆದು ಬಾನೆಟ್ ಒಳಗೆ ಅಂಟಿಸಿಕೊಡಲಿ.